ಹಳ್ಳಿಯೇ ಪಳ್ಳಿಯಾದ ದಿನಗಳು

ತಮಿಳಿನಲ್ಲಿ ಶಾಲೆಗೆ ‘ಪಳ್ಳಿ’ ಎನ್ನುತ್ತಾರೆ. ನಮ್ಮ ‘ಹಳ್ಳಿ’ ಎಂಬ ಮಾತೂ ಆ ‘ಪಳ್ಳಿ’ಯೂ ಒಂದೇ ಬೇರಿನಿಂದ ಹುಟ್ಟಿದುವು. ಹಳಗನ್ನಡದ ಪಕಾರವು ಮುಂದೆ ಹಕಾರವಾದುದರಿಂದ ಪಳ್ಳಿಯು ನಮ್ಮಲ್ಲಿ ಹಳ್ಳಿಯಾಯಿತು. ಅಲ್ಲಿ ಅದು ಮಕ್ಕಳು ಓದುವ ಸ್ಥಳಕ್ಕೆ ಹೆಸರಾಗಿ ನಿಂತಿತು. ಇಲ್ಲಿ ಜನ ಬಾಳುವ ಊರಿಗೆ ಹೆಸರಾಯಿತು. ಎರಡು ನುಡಿಗಳ ನಡುವೆ ಕುಳಿತು ಮೂವತ್ತು ವರ್ಷ ಪಾಠ ಹೇಳಿದ ನಮಗೆ ಈ ಸಂಗತಿ ಮೊದಲಿನಿಂದ ತಿಳಿದಿದ್ದರೂ ಅದರ ಅರ್ಥ ಹೊಳೆದುದು ಮಾತ್ರ ಶಾಲೆಗಳ ಬಾಗಿಲು ಮುಚ್ಚಿದ ಮೇಲೆ. ಆ ಹತ್ತೊಂಬತ್ತು ತಿಂಗಳು ನಮ್ಮ ಹಳ್ಳಿಯೇ ಪಳ್ಳಿಯಾಗಿದ್ದಿತು. ಆ ದಿನಗಳಲ್ಲಿ ಎಳೆಯ ಮಕ್ಕಳೊಡನೆ ನಮ್ಮ ಮನೆಯ ದಿನಚರಿ ಹೇಗೆ ನಡೆಯಿತು, ಅದರಿಂದ ಮಕ್ಕಳು ಕಲಿತುದೇನು, ನಾವು ಕಲಿತುದೇನು ಎಂಬುದನ್ನು ವಾಚಕ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ನಾಡು

ತಾಳವಾಡಿಯನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಸತ್ಯಮಂಗಲದ ಕಡೆಯಿಂದ ಬರುವವರು ಬಣ್ಣಾರಿ ಅಮ್ಮನಿಗೆ ಕೈಮುಗಿದು 27 ಕಡಿದಾದ ತಿರುವುಗಳನ್ನು ಹತ್ತಿ ದಿಂಬಂ ತಲುಪಬೇಕು. ಅಲ್ಲಿಂದ ಹಾಸನೂರಿನ ಕಾಡನ್ನು ಹಾದು ಬಂದರೆ ನಮ್ಮ ಎತ್ತರದ ಬಯಲು ತೆರೆದುಕೊಳ್ಳುತ್ತದೆ. ರಾಗಿ, ಮೆಕ್ಕೆಜೋಳ, ಆಲೂಗಡ್ಡೆ, ಕೋಸು, ಅರಿಸಿನ ಇಲ್ಲಿಯ ಬೆಳೆಗಳು. ಸುತ್ತಲಿನ ಅರಣ್ಯವು 2013ರಲ್ಲಿ ಸತ್ಯಮಂಗಲ ಹುಲಿ ರಕ್ಷಿತಾರಣ್ಯವಾಯಿತು. ಆನೆಗಳು ಹೊಲಕ್ಕಿಳಿಯುವುದು ನಮಗೆ ನಿತ್ಯದ ಸುದ್ದಿ. ಚಾಮರಾಜನಗರದ ಸಂತೆ ನಮಗೆ ಹತ್ತಿರ. ನಮ್ಮ ಜಿಲ್ಲಾ ಕೇಂದ್ರವಾದ ಈರೋಡು ಬೆಟ್ಟದ ಕೆಳಗೆ ಬಹುದೂರ.

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಗಡಿಯ ಗೆರೆ ಹೊಲಗಳ ನಡುವೆ ಹಾದುಹೋಯಿತೇ ಹೊರತು ಮನೆಗಳ ಮಾತು ಬದಲಾಗಲಿಲ್ಲ. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಅಡಿಗೆಮನೆಯ ನುಡಿ ಕನ್ನಡ, ಕಚೇರಿಯ ನುಡಿ ತಮಿಳು. ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಕಂಸಾಳೆಯ ದನಿಗೆ ಗಡಿಯೆಂಬುದು ಗೊತ್ತಿಲ್ಲ. ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೆ ಗೊರೆಹಬ್ಬ ನಡೆದಾಗ ಎರಡೂ ರಾಜ್ಯಗಳ ಜನ ಒಂದೇ ಸಗಣಿಯ ಗುಡ್ಡೆಯ ಸುತ್ತ ನೆರೆಯುತ್ತಾರೆ.

ಶಾಲೆ ಮುಚ್ಚಿತು

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಕಾರಣದಿಂದ ಶಾಲೆಗಳು ಮುಚ್ಚಲ್ಪಟ್ಟುವು. ತಮಿಳುನಾಡಿನಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಅವು ಮರಳಿ ತೆರೆದುದು 2021ರ ನವೆಂಬರ್ 1ರಂದು. ಅಂದರೆ 2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸಿಕೊಂಡ ಕೂಸು ಶಾಲೆಯ ಹೊಸ್ತಿಲು ತುಳಿಯುವಾಗ ಎರಡನೆಯ ತರಗತಿಯಲ್ಲಿದ್ದಿತು.

ನಮ್ಮ ಮಗ ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ಆ ಮಾರ್ಚ್‌ನಲ್ಲಿ ಸೊಸೆಯೂ ಐದು ವರ್ಷದ ಮೊಮ್ಮಗಳೂ ವಾರವೊಪ್ಪತ್ತು ಇದ್ದು ಹೋಗಲು ಊರಿಗೆ ಬಂದವರು ಸಂಚಾರ ನಿಂತುಹೋದುದರಿಂದ ಇಲ್ಲಿಯೇ ಉಳಿದರು. ಕೆಲವು ತಿಂಗಳ ಮೇಲೆ ಕಾರ್ಖಾನೆ ತೆರೆದು ಸೊಸೆ ಹೊರಟಳು. ಕೂಸನ್ನು ನೋಡಿಕೊಳ್ಳುವವರಿಲ್ಲವೆಂದು ಅದನ್ನು ನಮ್ಮಲ್ಲಿಯೇ ಬಿಟ್ಟಳು. ಮಗುವಿಗೆ ಇಂಗ್ಲಿಷಿನ ಅಕ್ಷರಗಳು ಬರುತ್ತಿದ್ದುವು, ತಮಿಳಿನ ಕೆಲವು ಅಕ್ಷರಗಳೂ ಬರುತ್ತಿದ್ದುವು. ಕನ್ನಡದ ಒಂದಕ್ಷರವೂ ತಿಳಿಯದು. ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರ ಮನೆಯ ಮೊಮ್ಮಗಳ ಸ್ಥಿತಿ ಇದು ಎಂದು ಬರೆಯುವಾಗ ನಮಗೆ ಸಂಕೋಚವಾಗುತ್ತದೆ. ಆದರೆ ಗಡಿಯಾಚೆಯ ಎಷ್ಟು ಮನೆಗಳ ಕಥೆ ಬೇರೆಯಿದ್ದೀತು?

ನಾವು ಶಿಕ್ಷಕ ತರಬೇತಿ ಪಡೆದವರು. ಮಗುವಿಗೆ ಮನೆಯಲ್ಲಿ ಪಾಠ ಹೇಳುವುದು ಏನು ಮಹಾ ಎಂದು ನಂಬಿದ್ದೆವು. ಪಡಸಾಲೆಯ ಗೋಡೆಗೆ ಕರಿಹಲಗೆ ತೂಗುಹಾಕಿ, ವೇಳಾಪಟ್ಟಿ ಬರೆದು, ಹತ್ತು ಗಂಟೆಗೆ ಸರಿಯಾಗಿ ಕುಳ್ಳಿರಿಸಿ ‘ಅ’ ಬರೆಸಲು ಮೊದಲು ಮಾಡಿದೆವು. ಮೊದಲನೆಯ ದಿನ ಕೂಸು ನಕ್ಕಿತು. ಮೂರನೆಯ ದಿನ ಅತ್ತಿತು. ಐದನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಹಿತ್ತಿಲ ಹುಲ್ಲುಮೆದೆಯ ಹಿಂದೆ ಅಡಗಿಕೊಂಡಿತು. ಹುಡುಕಿ ಎಳೆದುತಂದು ಗದರಿಸುತ್ತಿದ್ದಾಗ ನಮ್ಮ ಮನೆಯವರು ಒಲೆಯ ಮುಂದಿನಿಂದ ಎದ್ದುಬಂದರು.

“ನಿಮ್ ಇಸ್ಕೂಲ್ನ ಇಸ್ಕೂಲಲ್ಲೆ ಮಡಿಕಳಿ. ಹಟ್ಟೀಲಿ ಕೂಸು ಕೂಸಾಗಿರ್ಲಿ” ಎಂದು ಹೇಳಿ ಮಗುವನ್ನು ಕೈಹಿಡಿದು ಒಳಗೆ ಕರೆದೊಯ್ದರು. ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಅಂದಿನಿಂದ ನಮ್ಮ ಮನೆಯ ಶಾಲೆಗೆ ಅವರೇ ಮುಖ್ಯೋಪಾಧ್ಯಾಯಿನಿಯಾದರು, ನಾವು ಸಹಾಯಕರಾದೆವು.

ಅಜ್ಜಿಯ ವೇಳಾಪಟ್ಟಿ

ಅವರ ಪಾಠಕ್ಕೆ ಗಂಟೆಯೆಂಬುದಿರಲಿಲ್ಲ. ಮನೆಯ ಕೆಲಸದ ಕ್ರಮವೇ ಪಾಠದ ಕ್ರಮ. ಬೆಳಗ್ಗೆ ಅಂಗಳ ಸಾರಿಸಿದ ಮೇಲೆ ರಂಗೋಲಿಯ ಚುಕ್ಕಿಯಿಡುವ ಕೆಲಸ ಮೊಮ್ಮಗಳದು. ನಡುವೆ ಏಳು, ಅದರ ಮೇಲೂ ಕೆಳಗೂ ಐದು, ಮತ್ತೆ ಮೂರು, ತುದಿಗೆ ಒಂದು. ‘ಎಷ್ಟು ಚುಕ್ಕಿಯಾಯ್ತು ಎಣಿಸು’ ಎಂದರೆ ಮಗು ಒಂದೊಂದೇ ಮುಟ್ಟಿ ಇಪ್ಪತ್ತೈದು ಎನ್ನುತ್ತಿದ್ದಿತು. ಕೆಲವು ವಾರಗಳ ಮೇಲೆ ಮುಟ್ಟುವುದನ್ನು ಬಿಟ್ಟು ಸಾಲು ಸಾಲಾಗಿ ಕೂಡಿಸತೊಡಗಿತು. ಒಂದು ಮತ್ತು ಮೂರು ಸೇರಿ ನಾಲ್ಕು. ಐದು ಸೇರಿದರೆ ಒಂಬತ್ತು. ಏಳು ಸೇರಿದರೆ ಹದಿನಾರು. ಬೆಸಸಂಖ್ಯೆಗಳನ್ನು ಒಂದರಿಂದ ಮೊದಲಾಗಿ ಕ್ರಮವಾಗಿ ಕೂಡಿದರೆ ವರ್ಗಸಂಖ್ಯೆಗಳು ಬರುತ್ತವೆಂಬ ನಿಯಮವನ್ನು ನಾವು ಮೇಲಿನ ತರಗತಿಯಲ್ಲಿ ಹಲಗೆಯ ಮೇಲೆ ಬರೆದು ಕಲಿಸುತ್ತೇವೆ. ಅದು ನಮ್ಮ ಅಂಗಳದಲ್ಲಿ ದಿನವೂ ಬೆಳ್ಳಗೆ ಬಿದ್ದಿರುತ್ತದೆ, ನಾವು ಅದನ್ನು ದಾಟಿಕೊಂಡು ಶಾಲೆಗೆ ಹೋಗುತ್ತೇವೆ.

ಅಡಿಗೆಮನೆಯಲ್ಲಿ ಅಳತೆಯ ಪಾಠ. ನಾಲ್ಕು ಪಾವು ಕೂಡಿದರೆ ಒಂದು ಸೇರು. ಆದುದರಿಂದ ಒಂದು ಪಾವು ಎಂದರೆ ಕಾಲು ಸೇರು, ಎರಡು ಪಾವು ಅರೆಸೇರು, ಮೂರು ಪಾವು ಮುಕ್ಕಾಲು ಸೇರು. ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳು ತಿಣುಕುವ ಭಿನ್ನರಾಶಿಯನ್ನು ಈ ಐದು ವರ್ಷದ ಕೂಸು ರಾಗಿಹಿಟ್ಟಿನ ಡಬ್ಬದ ಮುಂದೆ ಕುಳಿತು ಕಲಿತಿತು. ಸುಗ್ಗಿಯಲ್ಲಿ ಕಣದಲ್ಲಿ ರಾಶಿ ಅಳೆಯುವಾಗ ಇಪ್ಪತ್ತು ಕೊಳಗಕ್ಕೆ ಒಂದು ಕಂಡುಗವೆಂದು ತಿಳಿದು, ಪ್ರತಿ ಕೊಳಗಕ್ಕೊಂದು ಹುಣಸೆಬೀಜ ಎತ್ತಿಡುವ ಲೆಕ್ಕಿಗ ಕೆಲಸವನ್ನು ತಾನೇ ವಹಿಸಿಕೊಂಡಿತು.

ಮಧ್ಯಾಹ್ನ ಬಿಸಿಲೇರಿದಾಗ ಅಟ್ಟದ ಮೇಲಿನಿಂದ ಅಳಗುಳಿಮಣೆ ಇಳಿಯಿತು. ನಮ್ಮ ಮನೆಯವರ ತಾಯಿಯ ಕಾಲದ ಹಲಸಿನ ಮರದ ಮಣೆ ಅದು. ಒಂದೊಂದು ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಗೆ ಐದರಂತೆ ಎಪ್ಪತ್ತು ಬೀಜ. ತಮಿಳರು ಇದನ್ನೇ ಪಲ್ಲಾಂಗುಳಿ ಎನ್ನುತ್ತಾರೆ. ಬೀಜ ಬಿತ್ತುತ್ತ ಹೋದರೆ ಎಲ್ಲಿ ಮುಗಿಯುತ್ತದೆ, ಮುಂದಿನ ಗುಳಿ ಬರಿದಾಗಿರುವುದೇ, ಎದುರಾಳಿಯ ಪಾಲಿಗೆ ಏನು ಉಳಿಯುತ್ತದೆ ಎಂದು ಆಡುವ ಮೊದಲೇ ಮನಸ್ಸಿನಲ್ಲಿ ಎಣಿಸಬೇಕು. ಮೂರು ತಿಂಗಳಲ್ಲಿ ಮೊಮ್ಮಗಳು ನಮ್ಮನ್ನು ಸೋಲಿಸುವ ಮಟ್ಟಕ್ಕೆ ಬಂದಳು. ಸೋತುದಕ್ಕೆ ನಮಗೆ ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು.

ಅಕ್ಷರದ ಪಾಠವನ್ನು ಅವರು ಮೊರದಲ್ಲಿ ಹೇಳಿದರು. ರಾಗಿಯನ್ನು ಮೊರದ ತುಂಬ ತೆಳ್ಳಗೆ ಹರಡಿ ಅದರಲ್ಲಿ ಬೆರಳಿನಿಂದ ತಿದ್ದಿಸುವುದು. ಹಿಂದೆ ಕೂಲಿಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದುದೂ ಹೀಗೆಯೇ. ತಪ್ಪಿದರೆ ಮೊರವನ್ನು ಒಮ್ಮೆ ಅಲುಗಿಸಿದರಾಯಿತು. ತಪ್ಪು ಮಾಯವಾಗುತ್ತದೆ, ಕೆಂಪು ಶಾಯಿಯ ಗುರುತು ಉಳಿಯುವುದಿಲ್ಲ. ಈ ಪಾಠದಲ್ಲಿ ನಮ್ಮದೊಂದು ಸಲಹೆಯನ್ನು ಮಾತ್ರ ಅವರು ಒಪ್ಪಿದರು. ‘ಅ’ದಿಂದ ಮೊದಲುಮಾಡದೆ ಕರ್ನಾಟಕದ ಒಂದನೆಯ ತರಗತಿಯ ಪುಸ್ತಕದಲ್ಲಿರುವಂತೆ ರ, ಗ, ಸ, ದ, ಅ ಎಂಬ ಕ್ರಮವನ್ನು ಹಿಡಿದೆವು. ಇವು ಬರೆಯಲು ಸುಲಭವಾದ ಆಕಾರಗಳು; ಮೇಲಾಗಿ ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂದು ಅರ್ಥವುಳ್ಳ ಮಾತುಗಳನ್ನು ಮೊದಲ ವಾರದಲ್ಲಿಯೇ ಓದಬಹುದು. ತಾನು ಓದಿದೆನೆಂಬ ಹಿಗ್ಗು ಮಗುವನ್ನು ಮುಂದಿನ ಅಕ್ಷರಕ್ಕೆ ಎಳೆದೊಯ್ಯುತ್ತದೆ.

ಎರಡು ನುಡಿಯ ಆಟ

ಒಂದು ಸಂಜೆ ಹಾಲು ಕರೆಯುತ್ತಿದ್ದಾಗ ಮೊಮ್ಮಗಳು, “ತಾತ, ಹಾಲು ತಮಿಳಲ್ಲಿ ಪಾಲು, ಹಲ್ಲು ಪಲ್ಲು. ಅವ್ರು ಯಾಕೆ ಹ ಅನ್ನಕಿಲ್ಲ?” ಎಂದು ಕೇಳಿದಳು. ನಮ್ಮ ವಿದ್ಯಾರ್ಥಿಗಳಲ್ಲಿ ಯಾರೂ ಅದುವರೆಗೆ ಈ ಪ್ರಶ್ನೆ ಕೇಳಿರಲಿಲ್ಲ. ನಾವೂ ಕೇಳುವಂತೆ ಪಾಠ ಹೇಳಿರಲಿಲ್ಲ. ಅವರು ಬದಲಾಯಿಸಲಿಲ್ಲ, ಬದಲಾಯಿಸಿದವರು ನಾವು, ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪೂ ಎಂದೇ ಹೇಳುತ್ತಿದ್ದೆವು ಎಂದು ತಿಳಿಸಿದೆವು. ಅಂದಿನಿಂದ ಅದೊಂದು ಆಟವಾಯಿತು. ಹತ್ತು–ಪತ್ತು, ಹಾವು–ಪಾಂಬು, ಹೆಸರು–ಪೆಯರ್ ಎಂದು ಮಗು ಜೋಡಿ ಹುಡುಕುತ್ತ ಹೋಯಿತು. ಲೇಖನದ ಮೊದಲಿಗೆ ಹೇಳಿದ ಹಳ್ಳಿ–ಪಳ್ಳಿಯ ಜೋಡಿಯೂ ಆ ಆಟದಲ್ಲಿಯೇ ಅವಳಿಗೆ ಸಿಕ್ಕಿದುದು.

ಗಡಿನಾಡಿನ ತಾಯಿತಂದೆಗಳಲ್ಲಿ ಒಂದು ಭಯವಿದೆ: ಎರಡು ನುಡಿ ಒಟ್ಟಿಗೆ ಕಲಿಸಿದರೆ ಮಗು ಎರಡರಲ್ಲಿಯೂ ಹಿಂದೆ ಬೀಳುವುದೆಂದು. ನಮ್ಮ ಅನುಭವ ಹಾಗೆ ಹೇಳುವುದಿಲ್ಲ. ತೊಡಕು ಇರುವುದು ಲಿಪಿಯಲ್ಲಿ. ಕ, ಖ, ಗ, ಘ ಎಂಬ ನಾಲ್ಕಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ. ಆ ಲಿಪಿಯನ್ನು ಮೊದಲು ಕಲಿತ ಮಗು ಕನ್ನಡ ಬರೆಯುವಾಗ ಗ ಬರೆಯಬೇಕಾದಲ್ಲಿ ಕ ಬರೆಯುತ್ತದೆ. ದ ಇರಬೇಕಾದಲ್ಲಿ ತ ಬರುತ್ತದೆ. ಇದು ಮಗುವಿನ ದಡ್ಡತನವಲ್ಲ, ಬರವಣಿಗೆಯ ವ್ಯವಸ್ಥೆಯ ಭೇದ. ಇದನ್ನರಿಯದೆ ಮಕ್ಕಳನ್ನು ಹೊಡೆದ ಉಪಾಧ್ಯಾಯರನ್ನು ನಾವು ಬಲ್ಲೆವು. ಪ್ರಾಯದಲ್ಲಿ ನಾವೂ ಅಂಥವರಲ್ಲೊಬ್ಬರಾಗಿದ್ದೆವು.

ಜಗಲಿಯ ಮಕ್ಕಳು

ಇಷ್ಟನ್ನು ಓದಿದವರು ಶಾಲೆಯೇ ಬೇಡ, ಮನೆಯೇ ಸಾಕು ಎಂಬ ತೀರ್ಮಾನಕ್ಕೆ ಬರಬಾರದು. ನಮ್ಮ ಮನೆಯಲ್ಲಿ ಅಜ್ಜಿಯಿದ್ದರು, ಸಂಬಳವಿತ್ತು, ಹೊತ್ತಿತ್ತು. ಊರಿನ ಎಲ್ಲ ಮನೆಗಳಲ್ಲಿ ಈ ಮೂರೂ ಇರಲಿಲ್ಲ.

ಪಠ್ಯಪುಸ್ತಕವನ್ನೂ ಮಧ್ಯಾಹ್ನದೂಟದ ಬದಲಿಗೆ ಕೊಡುತ್ತಿದ್ದ ಅಕ್ಕಿ ಬೇಳೆಯನ್ನೂ ಹಂಚಲು ಮನೆಮನೆಗೆ ಹೋದಾಗ ನಾವು ಕಂಡುದು ಬೇರೆಯೇ ಚಿತ್ರ. ತಾಯಿತಂದೆಗಳು ಬೆಳಗಾದರೆ ಕೂಲಿಗೆ ಹೋಗುವ ಮನೆಗಳಲ್ಲಿ ಎಂಟು ವರ್ಷದ ಅಕ್ಕ ಮೂರು ವರ್ಷದ ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಸರಕಾರದ ದೂರದರ್ಶನ ವಾಹಿನಿಯಲ್ಲಿ ಪಾಠಗಳು ತಮಿಳಿನಲ್ಲಿ ಬರುತ್ತಿದ್ದುವು. ಕನ್ನಡ ಮಾಧ್ಯಮದ ಮಕ್ಕಳು ಅವನ್ನು ನೋಡುತ್ತ ಕುಳಿತು ಎದ್ದುಹೋಗುತ್ತಿದ್ದರು. ಫೋನಿನಲ್ಲಿ ಪಾಠ ಕಳುಹಿಸೋಣವೆಂದರೆ ಹಲವು ಮನೆಗಳಲ್ಲಿ ಫೋನಿಲ್ಲ, ಫೋನಿದ್ದಲ್ಲಿ ಟವರ್ ಸಿಗದು. ಐದನೆಯ ತರಗತಿಯ ಹುಡುಗನೊಬ್ಬ ಆಲೂಗಡ್ಡೆ ಮೂಟೆ ಕಟ್ಟುವ ಕೆಲಸಕ್ಕೆ ಹೋಗಿದ್ದ. ಅವನ ತಂದೆ, “ಇಸ್ಕೂಲು ತಗುದಾಗ ಕಳಿಸ್ತೀನಿ ಮೇಷ್ಟ್ರೇ, ಅಲ್ಲಿಗಂಟ ಸುಮ್ನೆ ಯಾಕ್ ಕೂರ್ಬೇಕು?” ಎಂದ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಈ ಮಾತನ್ನು ಹೇಳಿದೆವು. ನಮ್ಮ ಮನೆಯವರು ಮರುದಿನವೇ ಕೇರಿಯ ಏಳು ಎಳೆಯ ಮಕ್ಕಳನ್ನು ಕರೆತಂದು ಜಗಲಿಯ ಮೇಲೆ ದೂರ ದೂರ ಕುಳ್ಳಿರಿಸಿದರು. ಮೂಗು ಬಾಯಿಗೆ ಬಟ್ಟೆ, ಬಾಗಿಲಲ್ಲಿ ಸೋಪು ನೀರು. ರಾಗಿಯ ಮೊರ ಏಳಾಯಿತು. ಊರಿನ ಇನ್ನಿಬ್ಬರು ಅಜ್ಜಿಯರು ಸೇರಿಕೊಂಡರು. ಒಬ್ಬರು ಮಾದಪ್ಪನು ಎಪ್ಪತ್ತೇಳು ಮಲೆಗೆ ಬಂದು ನೆಲೆಸಿದ ಕಥೆ ಹೇಳಿದರು. ಇನ್ನೊಬ್ಬರು ಯಾವ ಸೊಪ್ಪು ಯಾವ ಕಾಲಕ್ಕೆ, ಯಾವುದು ತಿನ್ನಬಾರದು ಎಂದು ಹಿತ್ತಿಲಲ್ಲಿ ತೋರಿಸಿದರು. ಕಾವಲಿಗೆ ಹೋಗುವ ಮುದುಕರೊಬ್ಬರು ಆನೆಯ ಹೆಜ್ಜೆಯ ಗುರುತನ್ನು ಮಣ್ಣಿನಲ್ಲಿ ತೋರಿಸಿ, ಅದು ಇಂದಿನದೋ ನೆನ್ನೆಯದೋ ಎಂದು ತಿಳಿಯುವ ಬಗೆಯನ್ನೂ, ಕತ್ತಲಾದ ಮೇಲೆ ಹೊಲದ ದಾರಿಯಲ್ಲಿ ಏಕೆ ಹೋಗಬಾರದೆಂಬುದನ್ನೂ ಹೇಳಿದರು. ನಮ್ಮ ನಾಡಿನ ಮಗುವಿಗೆ ಇದಕ್ಕಿಂತ ಅಗತ್ಯವಾದ ಪರಿಸರ ಪಾಠ ಯಾವುದು?

ಆ ಹುಡುಗನನ್ನು ಮಾತ್ರ ನಮ್ಮ ಜಗಲಿ ಹಿಡಿಯಲಾರದಾಯಿತು. ಶಾಲೆ ತೆರೆದ ಮೇಲೆ ಮೂರು ಸಲ ಅವನ ಮನೆಗೆ ನಡೆದೆವು. ನಾಲ್ಕನೆಯ ಸಲಕ್ಕೆ ಅವನು ಬಂದ. ಆಗಲೇ ಆರನೆಯ ತರಗತಿಗೆ ತಲುಪಿದ್ದ ಅವನಿಗೆ ತನ್ನ ಹೆಸರಿನ ಒತ್ತಕ್ಷರ ಮರೆತುಹೋಗಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿ ಮಾಡಿದುದು ಏಕೆಂಬುದನ್ನು ಅಂದು ಅವನ ಮುಖದಲ್ಲಿ ಓದಿದೆವು. ಅಜ್ಜಿಯಿಲ್ಲದ, ಬಿಡುವಿಲ್ಲದ ಮನೆಯ ಮಗುವಿಗೆ ಶಾಲೆಯೇ ತಾಯಿ.

ಬಲ್ಲವರ ಮಾತು

ಮನೆಗೂ ಶಾಲೆಗೂ ನಡುವೆ ಇರುವ ಗೋಡೆಯನ್ನು ತೆಗೆಯಲು ಯತ್ನಿಸಿದವರು ಹಲವರು. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಾರಿಯಾ ಮಾಂಟೆಸರಿ ತಮ್ಮ ಶಾಲೆಯನ್ನು ತೆರೆದಾಗ ಅದಕ್ಕಿಟ್ಟ ಹೆಸರೇ ‘ಮಕ್ಕಳ ಮನೆ’. ಗುಡಿಸುವುದು, ನೀರು ಸುರಿಯುವುದು, ಗುಂಡಿ ಹಾಕಿಕೊಳ್ಳುವುದು ಅಲ್ಲಿ ಪಾಠಗಳಾಗಿದ್ದುವು. ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರಗಳನ್ನು ಮಕ್ಕಳು ಬೆರಳಿನಿಂದ ಮುಟ್ಟಿ ಕಲಿಯುತ್ತಿದ್ದರು. 1939ರಲ್ಲಿ ಮದರಾಸಿಗೆ ಬಂದ ಆಕೆ ಯುದ್ಧಕಾಲವನ್ನು ನಮ್ಮ ದೇಶದಲ್ಲಿಯೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಗುಜರಾತಿನ ಗಿಜುಭಾಯಿ ಬಧೇಕಾ ಅವರು ವಕೀಲಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕೆಸುಬಿನ ಮೂಲಕ, ತಾಯ್ನುಡಿಯಲ್ಲಿ ಕಲಿಸಬೇಕೆಂದರು. ಶಿವರಾಮ ಕಾರಂತರು ಮಕ್ಕಳಿಗಾಗಿ 1936ರಲ್ಲಿಯೇ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. ನಮಗೆ ನೆರೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಉಪಾಧ್ಯಾಯರೇ ಸೇರಿ ‘ನಲಿ–ಕಲಿ’ಯನ್ನು ರೂಪಿಸಿದರು. ಇವನ್ನೆಲ್ಲ ತರಬೇತಿಯಲ್ಲಿಯೂ ಆಮೇಲೂ ಓದಿ ತಿಳಿದಿದ್ದ ನಾವು, ರಾಗಿಯ ಮೊರವನ್ನು ಕಾಣುವವರೆಗೆ ಅವುಗಳ ಮರ್ಮವನ್ನರಿತಿರಲಿಲ್ಲ.

ನಮ್ಮ ಗಾಜನೂರಿನ ಮುತ್ತುರಾಜರನ್ನು ಇಲ್ಲಿ ನೆನೆಯದಿರುವುದು ಹೇಗೆ? ಎಳವೆಯಲ್ಲಿಯೇ ಶಾಲೆ ಬಿಟ್ಟು ನಟರಾಗಿದ್ದ ತಂದೆ ಪುಟ್ಟಸ್ವಾಮಯ್ಯನವರೊಡನೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದ ಆ ಬಾಲಕನೇ ಮುಂದೆ ರಾಜಕುಮಾರ್ ಆದರು. ಅವರ ಬಾಯಿಯಲ್ಲಿ ಕನ್ನಡ ಹೇಗಿರುತ್ತಿತ್ತೆಂಬುದನ್ನು ಕೇಳದ ಕನ್ನಡಿಗರಿಲ್ಲ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆದರೆ ಅವರಿಗೆ ತಂದೆಯ ಜೊತೆಯಿತ್ತು, ಕಂಪನಿಯ ಹಿರಿಯರ ಕಣ್ಣಿತ್ತು, ದಿನವೂ ನುಡಿಯ ಅಭ್ಯಾಸವಿತ್ತು. ಶಾಲೆ ಬಿಟ್ಟವರೆಲ್ಲರಿಗೂ ಅಂಥ ಮನೆ ದೊರೆಯುವುದಿಲ್ಲ.

ಶಾಲೆ ತೆರೆಯಿತು

2021ರ ಅಕ್ಟೋಬರ್‌ನಲ್ಲಿ ತಮಿಳುನಾಡು ಸರಕಾರ ‘ಇಲ್ಲಂ ತೇಡಿ ಕಲ್ವಿ’, ಎಂದರೆ ಮನೆಯನ್ನರಸಿ ಬರುವ ಶಿಕ್ಷಣ ಎಂಬ ಯೋಜನೆಯನ್ನು ಮೊದಲುಮಾಡಿತು. ಸ್ವಯಂಸೇವಕರು ಸಂಜೆಯ ಹೊತ್ತು ಮಕ್ಕಳನ್ನು ಕೂಡಿಸಿ ಕಲಿಸುವುದು ಅದರ ಕ್ರಮ. ಮರುತಿಂಗಳು ಶಾಲೆಯೂ ತೆರೆಯಿತು. ಜಗಲಿಯ ಏಳು ಮಕ್ಕಳೂ ನಮ್ಮ ಮೊಮ್ಮಗಳೂ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತರು. ಅವರು ಲೆಕ್ಕದಲ್ಲಿ ಚುರುಕಾಗಿದ್ದರು, ಕಥೆ ಹೇಳುವುದರಲ್ಲಿ ಮುಂದಿದ್ದರು, ಓದುತ್ತಿದ್ದರು. ಬರವಣಿಗೆ ಮಾತ್ರ ಹಿಂದಾಗಿತ್ತು. ರಾಗಿಯಲ್ಲಿ ತಿದ್ದಿದ ಬೆರಳಿಗೆ ಪೆನ್ಸಿಲ್ಲಿನ ಹಿಡಿತ ಒಗ್ಗಲು ಹಲವು ತಿಂಗಳು ಬೇಕಾಯಿತು. ಮನೆಪಾಠದ ಕೊರತೆಯನ್ನೂ ಹೇಳುವುದು ನಮ್ಮ ಕರ್ತವ್ಯ.

2022ರ ಮೇ ತಿಂಗಳಲ್ಲಿ ಮಗ ಬಂದ. ಮಗಳನ್ನು ತಿರುಪ್ಪೂರಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸುವುದಾಗಿ ಹೇಳಿದ. ಅಲ್ಲಿ ತಮಿಳೂ ಇಂಗ್ಲಿಷೂ ಇರುತ್ತವೆ, ಕನ್ನಡವಿಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ವರ್ಷವರ್ಷಕ್ಕೂ ಹೆಸರುಗಳು ಕಡಮೆಯಾಗುತ್ತಿರುವಾಗ ಮುಖ್ಯೋಪಾಧ್ಯಾಯರ ಮೊಮ್ಮಗಳೇ ಹೊರಟುಹೋದರೆ ಊರವರಿಗೆ ಯಾವ ಮುಖವಿಟ್ಟು ‘ಕನ್ನಡ ಶಾಲೆಗೆ ಕಳುಹಿಸಿ’ ಎನ್ನುವುದು? ಆ ರಾತ್ರಿ ತಂದೆಮಕ್ಕಳ ನಡುವೆ ದೊಡ್ಡ ಮಾತಾಯಿತು.

“ಅಪ್ಪ, ನೀವು ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿದ್ರಿ. ನಂಗೂ ಕಲಿಸಿದ್ರಿ. ಕೆಲಸ ಕೇಳಕ್ಕೆ ಹೋದಾಗ ತಮಿಳಲ್ಲಿ ಅರ್ಜಿ ಬರೆಯಕ್ಕೆ ಬರದೆ ನಾನು ತಲೆತಗ್ಗಿಸಿ ನಿಂತಿದ್ದು ನಿಮಗೆ ಗೊತ್ತಾ?” ಎಂದ. ನಮಗೆ ಗೊತ್ತಿರಲಿಲ್ಲ. ಅವನು ಅದನ್ನು ಅದುವರೆಗೆ ಹೇಳಿರಲಿಲ್ಲ.

ತಮಿಳಿನೊಡನೆ ನಮಗೆ ಜಗಳವಿಲ್ಲ. ನಾವಿರುವ ರಾಜ್ಯದ ನುಡಿ ಅದು; ನಮ್ಮ ಮಕ್ಕಳ ಅನ್ನದ ನುಡಿಯೂ ಹೌದು. 2006ರ ತಮಿಳು ಕಲಿಕೆ ಕಾಯಿದೆಯ ಪ್ರಕಾರ ಒಂದನೆಯ ತರಗತಿಯಿಂದ ಮೊದಲಾಗಿ ತಮಿಳನ್ನು ಕಡ್ಡಾಯ ಮಾಡಲಾಗಿದೆ. ನಮ್ಮ ಮಕ್ಕಳು ಅದನ್ನು ಚೆನ್ನಾಗಿಯೇ ಕಲಿಯಲಿ. ಆದರೆ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯಲು ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ, ರಾಜ್ಯಗಳ ಗಡಿಗಳನ್ನು ಬರೆದ ತಿದ್ದುಪಡಿಯೊಡನೆಯೇ ಅದು ಸಂವಿಧಾನಕ್ಕೆ ಸೇರಿತು. ಗಡಿ ಬರೆದವರಿಗೂ ಗಡಿಯಲ್ಲಿ ಉಳಿದವರ ನೆನಪಿತ್ತು. ಕಾಯಿದೆ ಕೊಡುವ ಅನುಕೂಲವನ್ನು ಬಳಸಿಕೊಳ್ಳುವವರು ಮಾತ್ರ ನಾವೇ ಆಗಬೇಕು. ಶಾಲೆಯಲ್ಲಿ ಕನ್ನಡವಿಲ್ಲದ ಊರುಗಳಲ್ಲಿ ಆ ಹೊಣೆ ಮನೆಯ ಮೇಲೆ ಬೀಳುತ್ತದೆ.

ಮಾತು ಮುಗಿಯದಿದ್ದಾಗ ನಮ್ಮ ಮನೆಯವರು ಮಗನಿಗೆ ಒಂದೇ ಮಾತು ಹೇಳಿದರು: “ಎಲ್ಲಾರ ಓದುಸು. ತಿಂಗಳಿಗೊಂದು ಕಾಗ್ದ ಕನ್ನಡದಲ್ಲಿ ಅದರ ಕೈಲೇ ಬರ್ಸು. ನಂಗೆ ಓದಕ್ಕೆ ಬೇಕು.” ಮಗ ಒಪ್ಪಿದ.

ವಾಚಕ ಕುಟುಂಬಗಳಿಗೆ ಕೆಲವು ಸೂಚನೆಗಳು

ಕೊಯಮತ್ತೂರಿನಲ್ಲಿಯೋ ಹೊಸೂರಿನಲ್ಲಿಯೋ ಕಾಸರಗೋಡಿನಲ್ಲಿಯೋ ಇನ್ನೂ ದೂರದ ಊರುಗಳಲ್ಲಿಯೋ ಇರುವ ಕನ್ನಡ ಮನೆಗಳಿಗೆ ನಮ್ಮ ಅನುಭವದಿಂದ ಹೇಳಬಹುದಾದುದು ಇಷ್ಟು.

ಒಂದು, ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಆದರೆ ದಿನ ತಪ್ಪಬಾರದು. ವಾರಕ್ಕೊಮ್ಮೆ ಎರಡು ಗಂಟೆ ಕುಳ್ಳಿರಿಸುವುದರಿಂದ ಮಗುವಿಗೂ ನಮಗೂ ಸಿಟ್ಟು ಬರುವುದೇ ಲಾಭ.

ಎರಡು, ಅಕ್ಷರಕ್ಕೆ ಮೊದಲು ಮಾತು. ಊಟಕ್ಕೆ ಕುಳಿತಾಗ ಅಂದಿನ ಸಂಗತಿಯನ್ನು ಮಗು ಕನ್ನಡದಲ್ಲಿಯೇ ಹೇಳಲಿ. ನಡುವೆ ಬೇರೆ ನುಡಿಯ ಮಾತು ಬಂದರೆ ತಡೆಯಬೇಡಿರಿ. ಉತ್ತರಿಸುವಾಗ ಅದರ ಕನ್ನಡವನ್ನು ನೀವು ಬಳಸಿರಿ.

ಮೂರು, ರಾಗಿಯೋ ಮರಳೋ ಅಕ್ಕಿಯ ನುಚ್ಚೋ, ತಟ್ಟೆಯಲ್ಲಿ ಹರಡಿ ತಿದ್ದಿಸಿರಿ. ಐದೈದೇ ಅಕ್ಷರ ಕಲಿಸಿ, ಅವುಗಳಿಂದಾಗುವ ಮಾತುಗಳನ್ನು ಓದಿಸಿದ ಮೇಲೆ ಮುಂದಕ್ಕೆ ಹೋಗಿರಿ. ಆದರೆ ಆರು ವರ್ಷವಾಗುತ್ತಲೇ ಪೆನ್ಸಿಲನ್ನೂ ಕೈಗೆ ಕೊಡಿರಿ. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ.

ನಾಲ್ಕು, ಲೆಕ್ಕವನ್ನು ಅಡಿಗೆಮನೆಯಲ್ಲಿಯೂ ಸಂತೆಯಲ್ಲಿಯೂ ಕಲಿಸಿರಿ. ಚಿಲ್ಲರೆ ಎಣಿಸುವುದು, ತರಕಾರಿ ತೂಗಿಸುವುದು, ಗಡಿಯಾರ ನೋಡಿ ಹಾಲು ಇಳಿಸುವುದು ಇವೇ ಪಾಠ.

ಐದು, ಪುಸ್ತಕವಿಲ್ಲವೆಂಬ ನೆವ ಈಗ ಸಲ್ಲದು. ಕರ್ನಾಟಕದ ಪಠ್ಯಪುಸ್ತಕಗಳು ಅಂತರಜಾಲದಲ್ಲಿ ದೊರೆಯುತ್ತವೆ. ಪ್ರಥಮ್ ಬುಕ್ಸ್‌ನವರು 2015ರಿಂದ ನಡೆಸುತ್ತಿರುವ ‘ಸ್ಟೋರಿವೀವರ್’ ತಾಣದಲ್ಲಿ ಚಿತ್ರಗಳೊಡನೆ ಕನ್ನಡದ ಮಕ್ಕಳ ಕಥೆಗಳನ್ನು ಹಣವಿಲ್ಲದೆ ಓದಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು ಕಡಮೆ ಬೆ಼ಲೆಗೆ ಸಿಗುತ್ತವೆ.

ಆರು, ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಉಪಾಧ್ಯಾಯರನ್ನಾಗಿ ಮಾಡಿರಿ. ಇಲ್ಲದಿದ್ದರೆ ಮಗುವಿನ ಕೈಯಿಂದ ಊರಿನ ಹಿರಿಯರಿಗೆ ಕಾಗದ ಬರೆಯಿಸಿರಿ. ಓದುವವರೊಬ್ಬರು ಕಾದಿದ್ದಾರೆಂದು ತಿಳಿದ ಮಗು ಬರೆಯುತ್ತದೆ.

ಬಂದ ಕಾಗದ

ನಮ್ಮ ಮೊಮ್ಮಗಳ ಕಾಗದ ತಿಂಗಳಿಗೊಂದು ಬರುತ್ತದೆ. ಕೆಲವು ತಿಂಗಳು ತಪ್ಪಿದ್ದೂ ಉಂಟು. ತಪ್ಪಿದ ತಿಂಗಳು ನಮ್ಮ ಮನೆಯವರು ಮಗನಿಗೆ ಫೋನು ಮಾಡಿ ಕೇಳದೆ ಬಿಡುವುದಿಲ್ಲ. ಮೊದಲನೆಯ ಕಾಗದದಲ್ಲಿ ಆರು ಸಾಲುಗಳಿದ್ದುವು. ‘ಅಜ್ಜಿ, ದಸರೆಗೆ ಹಟ್ಟಿಕೆ ಬತ್ತೀನಿ’ ಎಂದು ಬರೆದಿದ್ದಳು. ಗಕಾರವಿರಬೇಕಾದಲ್ಲಿ ಕಕಾರ. ಅಭ್ಯಾಸಬಲದಿಂದ ನಮ್ಮ ಕೈ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ನಮ್ಮ ಮನೆಯವರು ಕಾಗದವನ್ನು ಕಸಿದುಕೊಂಡು, ಒಲೆಯ ಬೆಳಕಿನಲ್ಲಿ ಒಂದೊಂದೇ ಅಕ್ಷರ ಕೂಡಿಸುತ್ತ ತಾವೇ ಓದಿದರು. ನಾಲ್ಕನೆಯ ತರಗತಿ ಬಿಟ್ಟ ಮೇಲೆ ಅವರು ಇಡಿಯಾಗಿ ಓದಿದ ಮೊದಲ ಕಾಗದ ಅದೆಂದು ಆಮೇಲೆ ಹೇಳಿದರು. ಮೂವತ್ತು ವರ್ಷ ಅವರ ಜೊತೆಯಲ್ಲಿದ್ದ ನಮಗೆ ಇದೂ ಗೊತ್ತಿರಲಿಲ್ಲ.

ಈಗ ಸಂಜೆಯ ಹೊತ್ತು ಅವರು ಉತ್ತರ ಬರೆಯಲು ಕುಳಿತುಕೊಳ್ಳುತ್ತಾರೆ. ಒತ್ತಕ್ಷರ ಬಂದಲ್ಲಿ ನಮ್ಮನ್ನು ಕೇಳುತ್ತಾರೆ. ಗದರಿಸದೆ ಹೇಳಿಕೊಡುವುದನ್ನು ನಾವೂ ಅಭ್ಯಾಸ ಮಾಡಿಕೊಳ್ಳುತ್ತಿದ್ದೇವೆ.